ನಲವತ್ತೊಂದನೆಯ ಗೀಟು

ನಾರ್ಫೋಕಿನ ಆ ಬಯಲಲ್ಲಿ ಯುದ್ಧಕಾಲದ ರನ್‌ವೇ.
ಬಾಂಬರುಗಳು ಹೋದ ಮೇಲೆ ಬೀಟ್‌ರೂಟಿನ ಹೊಲಗಳ ನಡುವೆ
ಬಿರುಕು ಬಿಟ್ಟು ಮಲಗಿತ್ತು.
ಅದಕ್ಕೇ ಹುಲ್ಲಿನ ಮೂಟೆ ಒಡ್ಡಿ ತಿರುವು ಕೊಟ್ಟರು,
ಟಾರು ಬಳಿದರು, ಟಿಕೆಟ್ಟು ಇಟ್ಟರು.

ಅರವತ್ತೆಂಟರ ಬೇಸಗೆ.
ಈಗಲೂ ಥೆಟ್‌ಫರ್ಡಿನ ಪಬ್ಬಿನಲ್ಲಿ ಆ ಸೀಸನ್ನಿನ ಮಾತೆದ್ದರೆ
ಗ್ಲಾಸಿನ ನೊರೆ ಇಳಿದದ್ದು ಯಾರಿಗೂ ಕಾಣುವುದಿಲ್ಲ.
ಎಂಟು ರೇಸು. ಇಬ್ಬರೇ ಇಬ್ಬರು:
ನನ್ನ ಗಂಡ ಡೆನ್‌ಜಿಲ್, ಮತ್ತೆ ರೋಲಂಡ್ ಪಾಸ್ಕ್.
ಒಬ್ಬನ ಹೊಗೆ ಉಂಡೇ ಇನ್ನೊಬ್ಬ ಬೆಳೆದ ಅನ್ನುತ್ತಾರೆ.
ಕೊನೆಗೆ ಉಳಿದ ಅಂತರ ಒಂದು ಅಂಕ.

ನನ್ನನ್ನು ಯಾರೂ ಕೇಳುವುದಿಲ್ಲ.
ನಾನು ಓಡಿಸಿದವಳಲ್ಲ, ಬಿಚ್ಚಿ ಜೋಡಿಸಿದವಳಲ್ಲ.
ಪಿಟ್ಟಿನ ಗೋಡೆಯ ಪಕ್ಕ ಮಡಚುವ ಕುರ್ಚಿ,
ಎಡಗೈಯಲ್ಲಿ ಎರಡು ಸ್ಟಾಪ್‌ವಾಚು, ಬಲಗೈಯಲ್ಲಿ ಪೆನ್ಸಿಲು,
ಕಾರು ಒಂದು ಸುತ್ತು ಬಂದರೆ ಒಂದು ಗೀಟು.
ಹೆಂಡತಿಯರ ಕೆಲಸ ಅನ್ನುತ್ತಿದ್ದರು ಅದನ್ನ,
ಟೀ ಫ್ಲಾಸ್ಕಿನ ಜೊತೆಗೇ ಬರುವಂಥದು.

ನನ್ನ ಗೀಟು ತಪ್ಪಿದ್ದಿಲ್ಲ.
ಕಣ್ಣು ಮುಚ್ಚಿದರೂ ಕಿವಿಗೆ ಗೊತ್ತಾಗುತ್ತಿತ್ತು:
ಪಾಸ್ಕನ ಗಾಡಿ ಬಟ್ಟೆ ಹರಿದ ಹಾಗೆ,
ನಮ್ಮದು ಮೂರನೇ ಗೇರಿಗೆ ಇಳಿಯುವಾಗ
ಒಂದು ಸಲ ಕೆಮ್ಮುತ್ತಿತ್ತು.

ಆರನೇ ರೇಸು. ಮಳೆ.
ಹನಿಯಲ್ಲ, ಮೋಡವೇ ಬಂದು ರನ್‌ವೇಗೆ ಇಳಿದಿತ್ತು
ಹಿಂದೆ ಇಳಿಯುತ್ತಿದ್ದವರ ಹಾಗೆ, ದೀಪವಿಲ್ಲದೆ.
ಕಾರುಗಳಿಗೆ ಬಣ್ಣವಿಲ್ಲ, ನಂಬರಿಲ್ಲ,
ಬರೀ ನೀರಿನ ಗೋಡೆಯೊಂದು ಅರಚುತ್ತ ಹಾದುಹೋಗುತ್ತಿತ್ತು.
ಟವರಿನ ಗುಮಾಸ್ತರು ಮೂವತ್ತಕ್ಕೇ ಲೆಕ್ಕ ಬಿಟ್ಟರು.
ನಾನು ಬಿಡಲಿಲ್ಲ.
ಬೆನ್ನನ್ನೇ ಸೂರು ಮಾಡಿ ಹಾಳೆಯ ಮೇಲೆ ಬಾಗಿ
ಮೂವತ್ತೊಂಬತ್ತು. ನಲವತ್ತು.

ಆಗ ಮಗಳು ಕೋಟಿನ ತುದಿ ಜಗ್ಗಿದಳು:
ಅಮ್ಮಾ, ಬೂಟಿನೊಳಗೆ ನೀರು.
ಹಾಳೆಯನ್ನು ಎದೆಗೊತ್ತಿ ಬಗ್ಗಿದೆ,
ಬೂಟು ಕಳಚಿ, ನೀರು ಚೆಲ್ಲಿ, ಮತ್ತೆ ತೊಡಿಸಿ
ಎದ್ದವಳೇ ನಮ್ಮ ಸಾಲಿನಲ್ಲಿ ಇನ್ನೊಂದು ಗೀಟೆಳೆದೆ.
ಎಳೆದದ್ದು ಕಿವಿಯೋ ಅಭ್ಯಾಸವೋ ಆಸೆಯೋ.
ಕೆಮ್ಮು ಕೇಳಿತ್ತು, ಅದು ನಿಜ.
ಮಗಳು ಕೆಮ್ಮಿದ್ದಿರಬಹುದು.

ಕೆಂಪು ಬಾವುಟ. ರೇಸು ನಿಂತಿತು, ಜಗಳ ಓಡಿತು.
ಕತ್ತಲಾಗುವ ಹೊತ್ತಿಗೆ ಸ್ಟೂವರ್ಡ್ ನನ್ನ ಹತ್ತಿರ ಬಂದು
ಟೋಪಿ ತೆಗೆದ.
ಆ ಜಾಗದಲ್ಲಿ ಅದುವರೆಗೆ ನನಗಾಗಿ ಯಾರೂ ಟೋಪಿ ತೆಗೆದಿರಲಿಲ್ಲ.
“ನಿಮ್ಮ ಹಾಳೆಯೊಂದೇ ನೆನೆಯದೆ ಉಳಿದಿರುವುದು, ಮಿಸೆಸ್ ಟ್ರೆಗೆನ್ನಾ.”
ಕೊಟ್ಟೆ.
ಪಾಸ್ಕನಿಗೆ ನಲವತ್ತು. ನಮಗೆ ನಲವತ್ತೊಂದು.

ಆ ಸುತ್ತನ್ನು ಡೆನ್‌ಜಿಲ್ ಸಾಯುವ ತನಕ ವರ್ಣಿಸಿದ.
ಯಾವ ತಿರುವಿನಲ್ಲಿ ಹಿಂಗಾಲಿ ಜಾರಿತು,
ಹೇಗೆ ಸ್ಟಿಯರಿಂಗನ್ನು ಹಕ್ಕಿಮರಿಯ ಹಾಗೆ ಹಿಡಿದಿದ್ದ,
ಗೋಡೆ ಎಷ್ಟು ಬೆರಳು ದೂರ.
ವರ್ಷ ವರ್ಷಕ್ಕೆ ಒಂದು ಬೆರಳು ಕಡಿಮೆಯಾಗುತ್ತ ಬಂತು.
“ನನ್ನ ಜನ್ಮದ ಸುತ್ತು ಅಂದರೆ ಅದು” ಅನ್ನುತ್ತಿದ್ದ,
ನಾನು ಎದುರಿದ್ದವರಿಗೆ ಟೀ ಬಗ್ಗಿಸುತ್ತಿದ್ದೆ.

ಹೋದ ಚಳಿಗಾಲ ಮಾರ್ಕೆಟ್ಟಿನ ಹತ್ತಿರ ನನ್ನ ಟೈರು ಪಂಚರು.
ತಳ್ಳಿಸಿಕೊಂಡು ಹೋದದ್ದು ಪಾಸ್ಕನ ಅಂಗಡಿಗೆ;
ಇರುವುದು ಅದೊಂದೇ.
ಎಂಬತ್ತು ದಾಟಿದ ಮೊಣಕಾಲೂರಿ ಕೂತ,
ಮಗನಿಗೆ ಬಿಡಲಿಲ್ಲ, ತಾನೇ ಗಾಲಿ ಕೂರಿಸಿದ,
ಬಾಯಿಬಿಟ್ಟು ಎಣಿಸುತ್ತ ನಟ್ಟು ಬಿಗಿದ:
ಒಂದು, ಎರಡು, ಮೂರು, ನಾಲ್ಕು —
ಸ್ಪ್ಯಾನರನ್ನು ಮೊದಲನೆಯದಕ್ಕೆ ತಿರುಗಿ ತಂದು, ಐದು.

ಇದ್ದದ್ದು ನಾಲ್ಕೇ ನಟ್ಟು.
ಹಳೆಯ ಮೆಕ್ಯಾನಿಕ್ಕುಗಳು ಮೊದಲನೆಯದನ್ನು
ಇನ್ನೊಮ್ಮೆ ಬಿಗಿಯುವುದುಂಟು. ಅಷ್ಟೇ ಇರಬಹುದು.

ದುಡ್ಡು ಎರಡು ಸಲ ಎಣಿಸಿ ಕೊಟ್ಟೆ.
ಅವನು ಎಣಿಸದೆ ಗಲ್ಲಾಪೆಟ್ಟಿಗೆಗೆ ಹಾಕಿದ.